ಲೂರ್ದುಮೇರಿಯ ಗುಂಪುಗಳು

ಬೆಂಗಳೂರು ಈಸ್ಟ್ ಸ್ಟೇಷನ್ನಿನ ಹಿಂದೆ
ಟ್ರಸ್ಟ್ ಆಸ್ಪತ್ರೆಯ ನೆಲಮಾಳಿಗೆ.
ಗಾಡಿ ಹಾದಾಗೆಲ್ಲ ಟೀ ಲೋಟದ ಕೆನೆ
ಸಣ್ಣಗೆ ಸುಕ್ಕಾಗುತ್ತದೆ.
ಕಪ್ಪು ಪರದೆ. ಮಿಣುಕುವ ಒಂದು ಗೀಟು.
ಇಲ್ಲಿ ಚಿತ್ರವಿಲ್ಲ, ಒತ್ತಲು ಗುಂಡಿಯಿಲ್ಲ,
ಬರೆದದ್ದೇ ಬಾಗಿಲು.

ರಾತ್ರಿ ಹನ್ನೊಂದೂವರೆಗೆ ಚೀಟಿ ಬಂತು:
'ಲೂರ್ದುಮೇರಿ, ದಾಖಲೆ ವಿಭಾಗ,
ಎಕ್ಸ್‌ರೇ ಗುಂಪಿಗೆ ಸೇರಿಸುವುದು.'
ಯೂಸರ್‌ಮಾಡ್ ಎಂದು ಕುಟ್ಟಿದೆ.
ಅರ್ಧ ಕನ್ನಡದ ಹಾಗೆ ಕೇಳುವ ಆಜ್ಞೆ,
ಮಾಡ್ ಅಂದರೆ ಮಾಡಿಬಿಡುತ್ತದೆ.
ಯಾಕೆ ಎಂದು ಕೇಳುವುದಿಲ್ಲ,
ಆಯಿತು ಅಂತಲೂ ಹೇಳುವುದಿಲ್ಲ.
ತಪ್ಪಿಲ್ಲದಿದ್ದರೆ ಸುಮ್ಮನಿರುವುದು ಅದರ ಜಾಯಮಾನ;
ತಪ್ಪಿದ್ದರೂ, ಕೆಲವೊಮ್ಮೆ.

ಡ್ಯಾಶ್ ಹಾಕಿದೆ, ಜಿ ಹಾಕಿದೆ,
ಅದರ ಜೊತೆ ಹಾಕಬೇಕಿದ್ದ ಎ ಒಂದನ್ನು ಬಿಟ್ಟೆ.
ಎ ಇದ್ದರೆ 'ಇದನ್ನೂ'.
ಎ ಇಲ್ಲದಿದ್ದರೆ 'ಇದನ್ನೇ'.
ಅಲ್ಲಿ ಎ ಬಿಟ್ಟರೆ
ಇಲ್ಲಿ ಬಾಲಕ್ಕೆ ಏ ಬಂದು ಕೂರುತ್ತದೆ, ನೋಡಿ.

ಬೆಳಿಗ್ಗೆ ಎಂಟಕ್ಕೆ, ಡಬ್ಬಿ ಚೀಲಕ್ಕೆ ಹಾಕುವಾಗ
ಇಳಿದು ಬಂದರು ಲೂರ್ದುಮೇರಿ,
ಮೊಣಕಾಲು ನೋವಿಗೆ ಒಂದೊಂದೇ ಮೆಟ್ಟಿಲು.
'ತಮ್ಮಾ, ಎಕ್ಸ್‌ರೇ ತೆರೀತದೆ.
ಬೇರೇನೂ ತೆರೀತಿಲ್ಲ.
ಇಪ್ಪತ್ತೆರಡು ವರ್ಷ ಇಲ್ಲೇ ಇದೀನಿ,
ನನ್ನೇ ಯಾರು ನೀನು ಅಂತದೆ.'

ಬೆವರಿದೆ. ಹಳೆಯ ಪಟ್ಟಿಯ ನಕಲು ಒಂದಿರುತ್ತದೆ,
ಒಂದೇ ಒಂದು;
ಹನ್ನೆರಡಕ್ಕೆ ಇನ್ನೊಂದು ಚೀಟಿಗೆ ಇನ್ನೊಬ್ಬರನ್ನು ಸೇರಿಸಿ
ಅದನ್ನೂ ನಾನೇ ಅಳಿಸಿದ್ದೆ.
'ಯಾವ್ಯಾವ ಗುಂಪಲ್ಲಿದ್ರಿ ಮೇಡಂ?'

ಗುಂಪಿನ ಹೆಸರು ಅವರಿಗೇನು ಗೊತ್ತು.
'ಕೂಸಿಗೆ ಹೆಸರಿಡೋಕೆ ಮುಂಚೆ ಬರೀತೀವಲ್ಲ, ಅದು.'
ಜನನ, ಎಂದು ಗೀಚಿಕೊಂಡೆ.
'ಪಂಕಜವಲ್ಲಿ ಡಾಕ್ಟರ್ ಕೈಬರಹ
ಬಿಡಿಸಿ ಓದೋಕೆ ಕೊಟ್ರಲ್ಲ, ಅದು.'
ಡಿಸ್ಚಾರ್ಜ್.
'ಮೂಲೇಲಿರೋ ಪ್ರಿಂಟರ್ರು, ಕಾಗದ ತಿನ್ನೋದು.'
ಅದಕ್ಕೂ ಒಂದು ಗುಂಪಿದೆ.

ಆಮೇಲೆ ಸುಮ್ಮನಾದರು.
ಗಾಡಿಯೊಂದು ಹೋಯಿತು, ಉದ್ದದ್ದು, ಗೂಡ್ಸ್ ಇರಬೇಕು.

'ಇನ್ನೊಂದಿತ್ತು.
ಕೋವಿಡ್ ಟೈಮಲ್ಲಿ ಸೇರಿಸಿದ್ರು, ಎರಡು ವಾರಕ್ಕೆ ಅಂತ.
ಶವಾಗಾರದ ಪಟ್ಟಿ.
ವಾಪಸ್ ತೆಗೀಲೇ ಇಲ್ಲ ಯಾರೂ.
ದಿನಾ ಲಾಗಿನ್ ಆದ್ರೆ ಎಡಗಡೆ ಮೊದಲ್ನೇದು ಅದೇ.
ತೆರೀಬೇಕಂತಿಲ್ಲ. ಇರತ್ತೆ.

ಇವತ್ತು ಇರ್ಲಿಲ್ಲ.'

ಆ ಫೋಲ್ಡರ್ ನನಗೂ ಗೊತ್ತು.
ಕಡತಗಳ ಪಕ್ಕ, ಒಡೆಯನ ಹೆಸರು ಇರಬೇಕಾದ ಕಡೆ
ಬರೀ ಒಂದು ಅಂಕಿ: ಸಾವಿರದ ನಲವತ್ತೇಳು.
ಖಾತೆ ಅಳಿಸಿದರೆ ಹೆಸರು ಹೋಗುತ್ತದೆ,
ಬರೆದದ್ದು ಹೋಗುವುದಿಲ್ಲ;
ಬರೆದವನು ನಂಬರಾಗಿ ನಿಂತಿರುತ್ತಾನೆ.
'ಮುನಿವೆಂಕಟ ಅದು' ಎಂದರು, ನಾನು ಕೇಳದೆಯೇ.
'ಪಟ್ಟಿ ಬರೀತಿದ್ದೋನು.
ಒಂದಿನ ಅವನ ಹೆಸರು ನಾನು ಬರೆದೆ.'

ಚೂಡಿದಾರದ ತುದಿಯಿಂದ
ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.
'ಅದಕ್ಕೆ ಸೇರಿಸ್ಬೇಡ ತಮ್ಮಾ.
ಚೀಟಿ ಬೇಕಾದ್ರೆ ಬರ್ಕೊಡ್ತೀನಿ.'
ಸೇರಿಸಲು ಚೀಟಿ ಬೇಕು.
ಸೇರಿಸದೆ ಇರಲು
ನಮ್ಮಲ್ಲಿ ಯಾವ ನಮೂನೆಯೂ ಇಲ್ಲ.

ಈ ಸಲ ಎ ಹಾಕಿದೆ, ಪರದೆಗೆ ಬೆರಳಿಟ್ಟು ನೋಡಿದೆ.
ಜನನ, ಡಿಸ್ಚಾರ್ಜ್, ಪ್ರಿಂಟರ್.
ಲೂರ್ದುಮೇರಿ ಯಾವ ಗುಂಪಿನವರು ಎಂದು
ಯಂತ್ರವನ್ನೇ ಕೇಳಿದೆ.
ಮೊದಲಿಗೆ ಅವರದೇ ಹೆಸರಿನದು,
ಖಾತೆ ಹುಟ್ಟಿದ ದಿನ ತಾನಾಗಿ ಹುಟ್ಟಿದ್ದು,
ಅವರೊಬ್ಬರೇ ಇರುವ ಗುಂಪು.
ಆಮೇಲೆ ನಾಲ್ಕು.

'ಒಂದ್ಸಲ ಹೊರಗೆ ಹೋಗಿ ಒಳಗೆ ಬನ್ನಿ ಮೇಡಂ,
ಆಗ್ಲೇ ಅದಕ್ಕೆ ಗೊತ್ತಾಗೋದು.'
ಅವರು ಬಾಗಿಲ ಕಡೆ ನೋಡಿದರು.
'ಲಾಗೌಟ್ ಅಂದೆ' ಎಂದೆ. ನಕ್ಕರು.

ಆದರೂ ಹೊರಗೇ ಹೋದರು.
ಸೂರಿನಡಿಯ ಕಿಂಡಿಯಲ್ಲಿ
ಅವರ ಚಪ್ಪಲಿಯಷ್ಟೇ ಕಾಣುತ್ತಿತ್ತು,
ಬಿಸಿಲಲ್ಲಿ, ಆಂಬುಲೆನ್ಸಿನ ಪಕ್ಕ,
ಎಡಗಾಲಿನ ಮೇಲೆ ಭಾರ ಹಾಕಿ.
ನನ್ನ ಪಾಳಿ ಮುಗಿದು ಅರ್ಧ ಗಂಟೆಯಾಗಿತ್ತು.
ಅದು ಅಲ್ಲಿಂದ ಕದಲುವ ತನಕ ಕೂತೇ ಇದ್ದೆ.