ಹದಿನಾಲ್ಕನೇ ನಂಬರಿನ ಬಸ್ಸು

ಮೊದಲು ಧೂಳು ಅಂದರು, ಆಮೇಲೆ ಬೇರೆ ಏನೋ.
ಶಾರ್ಜಾದಲ್ಲಿ ಸ್ಕೂಲು ಮನೆಯೊಳಗೆ ಸೇರಿ ಮೂರನೇ ತಿಂಗಳು.

ದಿನಕ್ಕೊಮ್ಮೆ ಹೋಗಿ ಎಂಜಿನ್ನು ಎಬ್ಬಿಸುತ್ತೇನೆ,
ಹತ್ತೇ ನಿಮಿಷ. ಬ್ಯಾಟರಿ ಸಾಯಬಾರದಲ್ಲ.
ಹಿಂದಿನ ಟಯರಿನ ಮೇಲೆ ಪಾರಿವಾಳ ಮೊಟ್ಟೆಯಿಟ್ಟಿದೆ,
ಅದಕ್ಕೂ ತಿಳಿದಿದೆ, ಈ ಗಾಡಿ ಹೊರಡುವುದಿಲ್ಲ.

‘ಡೀಸೆಲ್ ಉಳೀತು, ಹೊಗೆ ಕಮ್ಮಿ, ಒಳ್ಳೇದೇ ಅಲ್ವಾ ಉಮರಬ್ಬ’
ಅಂತಾರೆ ಆಫೀಸಿನ ಪ್ರೆಸಿಲ್ಲಾ ಮೇಡಂ.
ಇರಬಹುದು.
ನಾನು ಓದಿದ್ದು ಐದನೇ ಕ್ಲಾಸು, ಲೆಕ್ಕವಷ್ಟೇ ಬರುತ್ತದೆ:
ನಲವತ್ತೆರಡು ಮಕ್ಕಳಿಗೆ ಬಸ್ಸಿನ ಒಂದು ಏಸಿ,
ಸ್ಕೂಲಿನದ್ದು ಸೇರಿಸಿದರೂ ನಾಲ್ಕೋ ಐದೋ;
ಈಗ ನಲವತ್ತೆರಡು ಕೋಣೆ, ನಲವತ್ತೆರಡು ಏಸಿ,
ಗಲ್ಲಿಯುದ್ದಕ್ಕೂ ತೊಟ್ಟಿಕ್ಕುವ ನೀರು.
ಆ ನೀರು ಕುಡಿದೇ ಬೇಕರಿಯ ಹಿಂದೆ
ಯಾರೂ ನೆಡದ ಬೇವು ಮೊಣಕಾಲೆತ್ತರ ಬಂದಿದೆ.
ಅದನ್ನೆಲ್ಲಿ ಬರೆಯಲಿ, ಜಮೆಗೋ ಖರ್ಚಿಗೋ?

ರಿಝ್ವಾನಾಳ ಮನೆಯಲ್ಲಿ ಮೂರು ಮಕ್ಕಳು, ಒಂದೇ ಫೋನು.
ನಡುವಿನವಳು ತನ್ನ ಸರದಿಗೆ ಮೆಟ್ಟಿಲ ಮೇಲೆ ಕೂತು
ಪಕ್ಕದ ಫ್ಲಾಟಿನ ವೈಫೈಗೆ ಕೈ ಚಾಚುತ್ತಾಳೆ.
ನನ್ನನ್ನು ಕಂಡು ಮೈಕು ಮುಚ್ಚಿ ಕೇಳಿದಳು:
‘ಅಂಕಲ್, ನನ್ನ ಸೀಟಲ್ಲಿ ಯಾರಾದ್ರೂ ಕೂತಿದ್ದಾರಾ?’

ಧೂಳು, ಮಗಳೇ.

ಕನ್ನಡಿಯ ಹಿಂದೆ ಟಿಶ್ಯೂವಿನಲ್ಲಿ ಸುತ್ತಿಟ್ಟಿದ್ದೇನೆ
ಎರಡನೇ ಕ್ಲಾಸಿನ ಜೋಯಲ್‌ನ ಹಾಲುಹಲ್ಲು.
ರೋಲಾ ಸಿಗ್ನಲ್ಲಲ್ಲಿ ಬ್ರೇಕು ಹಾಕಿದಾಗ ಉದುರಿದ್ದು.
ನಾಳೆ ಕೊಡಿ, ಅಮ್ಮನಿಗೆ ತೋರಿಸಬೇಕು ಎಂದು ಇಳಿದಿದ್ದ.
ಹೊಸದು ಬಂದಿರಬೇಕು ಇಷ್ಟು ಹೊತ್ತಿಗೆ.
ಟೀಚರನ್ನು ಕೇಳಿದೆ.
ಕ್ಯಾಮೆರಾ ಆಫ್ ಇಟ್ಟಿರುತ್ತಾನಂತೆ.