ಆರು ಕೋಣೆ, ಒಂದು ಕಿವಿ

ಗಾರೆ ಬೀಳುವ ಮುಂಚೆ ಹೇಳಬೇಕಿತ್ತು.
ಹಾಸನದ ಹೇಮಾವತಿ ನಗರದ ಆ ಹೊಸ ಮನೆಯಲ್ಲಿ
ಗೋಡೆ ಕೊರೆದು ಪೈಪು ಕೂರಿಸಿದ್ದರು,
ಪೈಪಿನ ಬಾಯಿಗೆ ಸಿಮೆಂಟು ಹೋಗದ ಹಾಗೆ
ಹಳೆ ಪೇಪರ್ ತುರುಕಿದ್ದರು.
"ನಾಳೆ ಮೇಸ್ತ್ರಿ ಬರ್ತಾನೆ, ಇವತ್ತೇ ತೀರ್ಮಾನ ಆಗ್ಲಿ"
ಅಂದರು ಕಲ್ಲೇಶಪ್ಪನವರು.

ಕೋಣೆ ಆರು. ಕೋಣೆಗೆ ಜೋಡಿ ಸ್ಪೀಕರ್.
ಹನ್ನೆರಡು ಬಾಯಿ. ಅನ್ನ ಹಾಕುವ ಆಂಪ್ಲಿಫೈಯರ್
ಒಂದೋ, ಎರಡೋ, ಆರೋ.

ಅವರ ಬಾಮೈದ ಮೊಬೈಲಿಂದ ತಲೆ ಎತ್ತದೆ ಅಂದ:
"ಒಂದೇ ದೊಡ್ಡದು ತಗೊಂಡು ಎಲ್ಲಾನೂ ಅದಕ್ಕೇ ಸಿಕ್ಕಿಸಿ.
ಐನೂರು ವ್ಯಾಟ್ ಸಾಲ್ದಾ?"
ಸಾಲುವ ಮಾತಲ್ಲಪ್ಪ, ತಾಳುವ ಮಾತು.
ಎಂಟು ಓಮಿನ ಆರನ್ನು ಪಕ್ಕಪಕ್ಕ ಕಟ್ಟಿದರೆ
ಉಳಿಯೋದು ಒಂದೂಕಾಲು ಚಿಲ್ಲರೆ.
ಓಮು ಇಳಿದಷ್ಟೂ ಹೊರೆ ಏರುತ್ತೆ.
ಈ ಒಂದು ಲೆಕ್ಕ ತಲೆಗೆ ಹೋಗೋಕೆ
ಎರಡು ಆಂಪ್ಲಿಫೈಯರ್ ಸುಟ್ಟಿದ್ದೀನಿ.
ಅವನದೇ ಬಾಡಿಗೆ ಮನೆ ನೆನಪು ಮಾಡಿಕೊಟ್ಟೆ:
ಕೆಳಗಿನ ನಲ್ಲಿ ಐದೂ ಬಿಟ್ಟರೆ
ಮೇಲಿನ ಬಚ್ಚಲಲ್ಲಿ ಬರೋದು ಬುಸ್ಸಂತ ಗಾಳಿ.

ಆಮೇಲೆ ಮನೆಯವರು ಒಬ್ಬೊಬ್ಬರಾಗಿ ಬಂದರು.
ಕಲ್ಲೇಶಪ್ಪನವರಿಗೆ ಹಾಲಿನಲ್ಲಿ ಕಾಮೆಂಟರಿ.
ತಂಗಿ ವಿಮಲಾಕ್ಷಿಗೆ ಹೊಲಿಗೆ ಕೋಣೆಯಲ್ಲಿ
ಮಿಷನ್ನಿನ ಸದ್ದು ಮುಳುಗುವಷ್ಟು ಹಳೆ ಹಾಡು.
ಬಾಮೈದನಿಗೆ ಟೆರೇಸು.
ಮಗಳು ಇಂಚರ ತನ್ನ ಗುಂಡಿ ತನ್ನ ಕೋಣೆಯಲ್ಲೇ ಇರಲಿ,
ಅಪ್ಪನ ಕೈಗೆ ಸಿಗಬಾರದು ಅಂದಳು.
ಆರನೆಯದು ನೆಂಟರ ಕೋಣೆ. ನೆಂಟರನ್ನು ಯಾರೂ ಕೇಳಲಿಲ್ಲ.
ಸರ್ವಮಂಗಳಮ್ಮ, ಇನ್ನೂ ಒಲೆ ಇಲ್ಲದ ಅಡುಗೆಮನೆಯಲ್ಲಿ ನಿಂತು,
"ನನಗೆ ಬೇಡ. ಕುಕ್ಕರ್ ಸೀಟಿ ಎಣಿಸಬೇಕು."

ಒಂದೇ ಆಂಪ್ಲಿಫೈಯರ್, ನಡುವೆ ಸೆಲೆಕ್ಟರ್ ಪೆಟ್ಟಿಗೆ:
ದುಡ್ಡು ಉಳಿಯುತ್ತೆ, ಮನೆಮಂದಿಗೆಲ್ಲ ಒಂದೇ ಹಾಡು.
ಕೋಣೆಗೊಂದು ಪುಟ್ಟದು: ಕೆಟ್ಟರೆ ಒಂದೇ ಕೋಣೆ ಮೂಕ,
ಆದರೆ ರಾತ್ರಿಯೆಲ್ಲ ಆರು ಕೆಂಪು ಕಣ್ಣು.
ಹನ್ನೆರಡು ಚಾನೆಲ್ಲಿನದು: ಒಂದು ಸೂರು, ಆರು ಸಂಸಾರ.
ಮೆಟ್ಟಿಲ ಕೆಳಗೆ ಕೂರುತ್ತೆ,
ಉಸಿರಾಡೋಕೆ ಕಿಂಡಿ ಬಿಡಬೇಕು.
ಅದನ್ನೇ ಬರೆದುಕೊಟ್ಟೆ, ಸಿಮೆಂಟ್ ಚೀಲದ ಹರಕಿನ ಮೇಲೆ.

ಬರೆದುಕೊಡದೆ ಉಳಿದದ್ದು ಒಂದು.
ಚನ್ನರಾಯಪಟ್ಟಣದ ಕಬಡ್ಡಿ ಪಂದ್ಯ. ಇಪ್ಪತ್ತೆರಡು ವಯಸ್ಸು.
ಹಾರ್ನಿನ ಬುಡದಲ್ಲೇ ನಿಂತಿದ್ದೆ,
ಯಾರೋ ಮೈಕು ಎತ್ತಿಕೊಂಡು ಎದುರಿಗೆ ಬಂದರು.
ಕೀಂ ಅಂತ ಎಡಗಿವಿ ಹೊಕ್ಕ ಕೂಗು
ಇನ್ನೂ ಹೊರಗೆ ಬಂದಿಲ್ಲ.

ಒಂದು ಕಿವಿಯವನಿಗೆ ದಿಕ್ಕಿಲ್ಲ.
ಪೆನ್ಷನ್ ಮೊಹಲ್ಲಾದಲ್ಲಿ ರಸ್ತೆ ದಾಟುವಾಗ
ಬೈಕು ಎಲ್ಲಿಂದ ಅಂತ ತಿಳಿಯದೆ
ಎರಡೂ ಕಡೆ ತಿರುಗಿ, ನಿಂತೇ ಇರ್ತೀನಿ.
ಎಡ ಬಲ ಸರಿಯಾ ಅಂತ ನೋಡೋದು ನಮ್ಮ ಹುಡುಗ ತಬ್ರೇಜ್.
ನಾನು ಅಂಗೈ ಇಟ್ಟು ಆಂಪ್ಲಿಫೈಯರಿನ ಬಿಸಿ ನೋಡ್ತೀನಿ.
ಬಿಸಿ ಸುಳ್ಳು ಹೇಳಲ್ಲ.

ಗೃಹಪ್ರವೇಶ ಕಳೆದ ವಾರಕ್ಕೆ ಹೋಗಿ ಚಾಲೂ ಮಾಡಿದೆ.
ತಬ್ರೇಜ್ ಕೋಣೆ ಕೋಣೆ ತಿರುಗಿ ಹೆಬ್ಬೆರಳು ಎತ್ತಿದ.
ನಾನು ಮೆಟ್ಟಿಲ ಮೇಲೆ ಕೂತೆ.
ಅಲ್ಲಿಗೆ ಯಾರೂ ವೈರು ಎಳೆದಿರಲಿಲ್ಲ.
ವಿಕೆಟ್ ಬಿತ್ತು, ಅದರೊಳಗೇ ಯಾವುದೋ ಹಳೆ ಪಲ್ಲವಿ,
ಪಲ್ಲವಿಯ ಬೆನ್ನ ಮೇಲೆ ಇಂಚರಳ ಡ್ರಮ್ಮು,
ನೆಂಟರ ಕೋಣೆಯಲ್ಲಿ ಯಾರಿಗೋ ಅಂತ ವಾರ್ತೆ.
ಅಷ್ಟು ಲೆಕ್ಕ ಹಾಕಿ ಬೇರೆ ಮಾಡಿದ್ದು
ಒಂದೇ ಬಾಗಿಲಲ್ಲಿ ನುಗ್ಗಿ ಒಳಗೆ ಬಂತು.

ಸರ್ವಮಂಗಳಮ್ಮ ಸೌಟು ಹಿಡಿದೇ ಬಂದು
ಎರಡು ಮೆಟ್ಟಿಲು ಕೆಳಗೆ ಕೂತರು.
"ಇಲ್ಲಿ ಚೆನ್ನಾಗಿ ಕೇಳುತ್ತೆ ಕಣ್ರೀ.
ಯಾರ್ಯಾರು ಎಲ್ಲೆಲ್ಲಿದ್ದಾರೆ ಅಂತ ಕೂತಲ್ಲೇ ಗೊತ್ತಾಗುತ್ತೆ."
ಹೂಂ ಅಂದೆ.

ಅಷ್ಟರಲ್ಲಿ ಕುಕ್ಕರ್ ಕೂಗಿತು.
"ಅಯ್ಯೋ, ಎಷ್ಟನೇದು?"
ಮೂರು, ಅಂದೆ.