ಅರಿವಿ ಚೀಲ

ವೈನಿ, ಯಾರಿಗೂ ಹೇಳಬ್ಯಾಡ, ನಿನಗಷ್ಟ ಹೇಳತೀನಿ.
ಭಿಶಿ ಈ ಸಲ ನನ್ನ ಹೆಸರಿಗೆ ಎದ್ದಿತ್ತು.
ಮಿಕ್ಸರ್ ತಗೋ ಅಂದ್ರು ಮನ್ಯಾಗ. ಹೂಂ ಅಂದೆ.
ನವಿ ಪೇಟಿಗೆ ಹೋಗಿ, ಪಾವಟಿಗಿ ಏರಿ,
ಪರ್ವೀನಳ ಕೈಯಾಗ ಅರ್ಧ ದುಡ್ಡು ಇಟ್ಟು ಬಂದೆ.

ಮದಿವಿ ಫೋಟೋ ತಗಿಯಾಕಿ ಅಕಿ. ಮಂಗಳವಾರ ಮಧ್ಯಾಹ್ನ
ಬಾಗಲಾ ಹಾಕ್ಕೊಂಡು ಇಂಥಾವೂ ತಗೀತಾಳ,
ಮಲಗೂ ಖೋಲಿಯೊಳಗಿನ ಹೆಣ್ಣಮಕ್ಕಳವು,
ಗ್ವಾಡಿಗೆ ತೂಗಹಾಕಲಾರದಂಥಾವು.
ನಾ ಒಬ್ಬಾಕೀನ ಇರೂ ಫೋಟೋ ಅಂದ್ರ
ಆಧಾರ ಕಾರ್ಡಿಂದು ಒಂದ.
ಅದರಾಗ ಯಾರನ್ನೋ ಕೊಂದು ಬಂದಂಗ ಕಾಣತೀನಿ.

ಏನು ಉಡಲಿ, ಅಂತ ಕೇಳಿದೆ.
‘ತುಮ್ಹಾಲಾ ಜೇ ಆವಡ್ತಂ ತೇ’ ಅಂದ್ಲು.
ಈ ಸೋಲಾಪುರದಾಗ, ವೈನಿ,
ಮೂರು ಭಾಷಾದಾಗ ಬೈಸಿಕೊಂಡೀನಿ.
ನಿನಗೇನು ಸೇರತದ ಅಂತ ಕೇಳಿದ್ದು
ಒಂದರಾಗೂ ನೆನಪಿಲ್ಲ.

ಟ್ರಂಕು ಎಳದೆ.
ಮದಿವಿ ಸೀರಿ. ಆರಿಸಿದಾಕಿ ಅತ್ತಿ,
ಚೌಕಾಸಿ ಮಾಡಿದಾಂವ ಮಾವ,
ಉಟ್ಟಾಕಿ ಅಷ್ಟ ನಾನು.
ಜಂಪರಿನ ಹುಕ್ಕಿಗೂ ಕಾಜಿಗೂ ಈಗ
ನಾಕು ಬೆರಳಿನ ಜಗಳ.

ನೈಟಿ. ಹಾಲಿನಾಂವ ನೋಡ್ಯಾನ, ಗ್ಯಾಸಿನಾಂವ ನೋಡ್ಯಾನ,
ಮ್ಯಾಲೊಂದು ಟವೆಲ್ ಹಾಕ್ಕೊಂಡು
ಗಿರಣಿಗೆ ಜ್ವಾಳ ಒಯ್ದೀನಿ.
ರಾತ್ರಿದು ಅನ್ನೂ ಹೆಸರು ಅದಕ್ಕ ಯಾರಿಟ್ಟರೋ.

ಮಗಳು ಮೋಬೈಲಿನಾಗ ತರಿಸಿ
ಸಡ್ಲ ಆತಂತ ಒಗದಿದ್ದ ಕೆಂಪು ಸ್ಯಾಟಿನ್.
ಬಚ್ಚಲದಾಗ ಚಿಲಕಾ ಜಡದು ತೊಟ್ಟೆ.
ತಣ್ಣಗ, ಪರರ ಕೈಯಂಗ.
ಕನ್ನಡಿ ಅಂಗೈಯಷ್ಟು;
ಒಂದು ಹೆಗಲು ಸಿಕ್ಕಿತು, ಇನ್ನೊಂದನ್ನ ಹುಡುಕಬೇಕಾತು.
‘ಎಷ್ಟೊತ್ತು?’ ಅಂತ ಹೊರಗಿಂದ ಇವರು.
ನಗು ತಡೀಲಿಕ್ಕೆ ನಳಾ ಬಿಟ್ಟೆ.

ಮಿಲ್ಲಿನಾಗ ನನ್ನ ಕೆಲಸ ನಿನಗ ಗೊತ್ತದ.
ಟೇಬಲ್ ಮ್ಯಾಲ ಟವೆಲ್ ಹರವಿ
ಎಳಿ ಬಿಟ್ಟದ್ದು, ಕಲಿ ಬಿದ್ದದ್ದು, ಅಂಚು ಸೊಟ್ಟಾದ್ದು
ಸೆಕೆಂಡ್ಸ್ ಅಂತ ಬಾಜೂಕ ಒಗಿಯೂದು,
ದಿನಕ್ಕ ಎಂಟನೂರು.
ಅದ ಕಣ್ಣೀಲೆ ನನ್ನ ನೋಡಕೊಂಡೆ ಆ ರಾತ್ರಿ.
ಹೊಟ್ಟಿ ಮ್ಯಾಲ ಎರಡು ಹೆರಿಗಿ ಗೆರಿ,
ತೋಳಿನಾಗ ಎಣ್ಣಿ ಸಿಡದ ಕಲಿ.
ಚೀಟಿ ಹಚ್ಚಬೇಕಂದೆ.
ಕೈ ಬರಲಿಲ್ಲ.

ಟ್ರಂಕಿನ ತಳಕ್ಕ ಗುರುಬಾಯಿ ಆಯೀದು,
ಇವರ ಅಜ್ಜೀದು, ಖಣದ ಕುಪ್ಪಸ.
ಹುಕ್ಕಿಲ್ಲ, ಕಾಜಿಲ್ಲ, ಎದಿ ಕೆಳಗ ಗಂಟು.
ನಾ ಆಗಷ್ಟ ನಡ್ಯಾಕ ಬಂದಾಕಿ.
ಅಕ್ಕಲಕೋಟಿ ಮನಿ ಹಿತ್ತಲಾಗ, ಉರಿ ಬ್ಯಾಸಿಗಿ,
ಆಯಿ ಗಂಟು ಬಿಚ್ಚಿ
ಮರ ಬೀಸಿಕೋತ ಕುಂತಿದ್ಲು.
ನಾ ಮಾರಿ ತಿರುವಿದೆ.
‘ಯಾಕವಾ,’ ಅಂದ್ಲು,
‘ಇವೇನು ಕದ್ದು ತಂದಾವನ?’

ಸತ್ತ ಮ್ಯಾಲ ಸೀರಿ ಎಲ್ಲಾ ಹಂಚಿದ್ರು,
ಇದನ್ನ ಯಾರೂ ಕೇಳಲಿಲ್ಲ.
ಬಗಲಾಗ ಬೆವರಿನ ಕಲಿ ಇನ್ನೂ ಅದ.
ಒಗೀಲಿಲ್ಲ ನಾನು.

ನಾಕೂ ಚೀಲಕ್ಕ ತುರುಕಿದೆ.
ಮಿಲ್ಲಿಗೆ ಹೊಟ್ಟಿನೋವಂತ ಹೇಳಿ ಕಳಿಸಿದೆ.
ನಾಕನಾಲ್ವತ್ತರ ಬಿಸಲಾಗ ಶೇರ್ ಆಟೋ;
ಮಗ್ಗಲದಾಕಿ ಚೀಲ ಮುಟ್ಟಿ ಕೇಳಿದ್ಲು,
‘ತವರಿಗೆ ಹೊಂಟೀರೇನ್ರಿ?’
ಹೂಂ ಅಂದೆ.
ಅಂದ ಮ್ಯಾಲ ಸುಳ್ಳೋ ಖರೇನೋ
ವಿಚಾರ ಮಾಡಕೋತ ಸ್ಟಾಪ್ ದಾಟಿ ಹೋದೆ.

ಪರ್ವೀನ ಕಿಡಕಿ ಪಡದಾ ಅರ್ಧ ಸರಸಿದ್ಲು.
ಯಾವುದು ಉಟ್ಟೆ ಅಂತ ಕೇಳಬ್ಯಾಡ, ವೈನಿ.
ನಿನಗೂ ಹೇಳೂದಿಲ್ಲ.

ಒಂದ ಪ್ರಿಂಟು ತಗೊಂಡೀನಿ, ಜ್ವಾಳದ ಡಬ್ಬಿ ತಳಕ್ಕ ಅದ.
ಅದರಾಗ ಬೆನ್ನು ಅದ, ನಂದು.
ನಲವತ್ತೆಂಟು ವರ್ಷ ಹೊತ್ತು ತಿರಗೀನಿ,
ಭೆಟ್ಟಿ ಆಗಿದ್ದು ಮೊನ್ನೆ.

ಹಳೇ ಮಿಕ್ಸರ್ ರಿಪೇರಿ ಮಾಡಿಸಿದೆ.
ಶೇಂಗಾ ಹಾಕಿದ್ರ ಓಣಿ ತುಂಬ ಒದರತದ.
ಒದರಲಿ.